ಕಲ್ಲು ಕೈಗೆ ಬರುವ ಮುಂಚೆ

ಹರಿಹರದಿಂದ ರಾಣೆಬೆನ್ನೂರಿಗೆ ಹೊರಟ ಬಸ್ಸು ತುಂಗಭದ್ರೆಯ ಸೇತುವೆ ದಾಟಿತೆಂದರೆ ಜಿಲ್ಲೆಯೇ ಬದಲಾಗುತ್ತದೆ. ಈಚೆ ದಂಡೆ ದಾವಣಗೆರೆ, ಆಚೆ ದಂಡೆ ಹಾವೇರಿ. 1997ರಲ್ಲಿ ಹೊಸ ಜಿಲ್ಲೆಗಳು ಹುಟ್ಟುವ ಮುಂಚೆ ಈಚೆಯದು ಚಿತ್ರದುರ್ಗಕ್ಕೂ ಆಚೆಯದು ಧಾರವಾಡಕ್ಕೂ ಸೇರಿತ್ತು. ಆಚೆ ದಂಡೆಯ ಕುಮಾರಪಟ್ಟಣದಲ್ಲಿ ಮರದಿಂದ ರೇಯಾನ್ ನೂಲಿನ ತಿರುಳು ತಯಾರಿಸುವ ದೊಡ್ಡ ಕಾರ್ಖಾನೆ ಇದೆ. ಇರುವುದು ಬೇರೆ ಜಿಲ್ಲೆಯಲ್ಲಾದರೂ ಅದರ ಹೆಸರಿನಲ್ಲಿ ಹರಿಹರವೇ ಇದೆ: ಹರಿಹರ ಪಾಲಿಫೈಬರ್ಸ್.

ಈ ಹೆಸರಿನೊಂದಿಗೆ ತಳಕು ಹಾಕಿಕೊಂಡ ಒಂದು ಹಳೆಯ ಚಳವಳಿ, ಹರಿಹರದ ಬೀದಿಯಲ್ಲೇ ನಡೆದ ಇತ್ತೀಚಿನ ಒಂದು ಗಲಾಟೆ, ಇವೆರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ‘ಮಗ ಮೆರವಣಿಗೆಗೆ ಹೋಗ್ತೀನಿ ಅಂತಾನೆ, ಕಳಿಸೋದೋ ಬೇಡವೋ’ ಎಂದು ತಲೆ ಕೆಡಿಸಿಕೊಳ್ಳುವ ದಾವಣಗೆರೆಯ ತಂದೆತಾಯಿಗೆ ಅದರಲ್ಲಿ ಉತ್ತರ ಸಿಗದಿದ್ದರೂ, ಯಾವ ಪ್ರಶ್ನೆ ಕೇಳಬೇಕೆಂಬುದು ತಿಳಿಯುತ್ತದೆ.

ಇತ್ತೀಚಿನದನ್ನು ಮೊದಲು ಹೇಳಿ ಮುಗಿಸಬಹುದು. 2022ರ ಫೆಬ್ರವರಿ 8. ಹಿಜಾಬ್ ಮತ್ತು ಕೇಸರಿ ಶಾಲಿನ ವಿವಾದ ಉಡುಪಿಯಿಂದ ಹೊರಟು ರಾಜ್ಯವನ್ನೆಲ್ಲ ಸುತ್ತುತ್ತಿದ್ದ ದಿನಗಳು. ಹರಿಹರದಲ್ಲಿ ವಿದ್ಯಾರ್ಥಿಗಳ ಗುಂಪುಗಳು ಎದುರುಬದುರಾದವು, ಕಲ್ಲು ತೂರಾಟವಾಯಿತು, ಪೊಲೀಸರು ಲಾಠಿ ಬೀಸಿದರು. ದಾವಣಗೆರೆ, ಹರಿಹರ ಎರಡೂ ಕಡೆ ನಿಷೇಧಾಜ್ಞೆ ಬಂತು. ಅಂದೇ ಸರ್ಕಾರ ರಾಜ್ಯದ ಪ್ರೌಢಶಾಲೆ, ಕಾಲೇಜುಗಳಿಗೆ ಮೂರು ದಿನ ರಜೆ ಸಾರಿತು.

ವಿವಾದದಲ್ಲಿ ಯಾರ ಕಡೆ ನ್ಯಾಯವಿತ್ತು ಎಂಬುದು ಇಲ್ಲಿಯ ವಿಷಯವಲ್ಲ. ಅದನ್ನು ಹೈಕೋರ್ಟು, ಸುಪ್ರೀಂ ಕೋರ್ಟುಗಳೇ ವಿಚಾರಿಸಿದವು, 2022ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಇಲ್ಲಿ ಗಮನಿಸಬೇಕಾದದ್ದು ಬೇರೆ. ಬೆಳಿಗ್ಗೆ ಕಾಲೇಜಿನ ಗೇಟಿನ ಮುಂದೆ ಇದ್ದ ಪ್ರಶ್ನೆ ಸಮವಸ್ತ್ರದ್ದು, ಹಕ್ಕಿನದು. ಮೊದಲ ಕಲ್ಲು ಬಿದ್ದ ಮೇಲೆ ಆ ಪ್ರಶ್ನೆಯನ್ನು ಕೇಳುವವರೇ ಇಲ್ಲ. ಕಲ್ಲು ಹೊಡೆದವರು ಯಾರು, ಪೆಟ್ಟು ಬಿದ್ದದ್ದು ಯಾರಿಗೆ, ಕೇಸು ಯಾರ ಮೇಲೆ ಎಂಬುದೇ ಮಾತು. ಎರಡೂ ಕಡೆಯ ಹುಡುಗರು ತಮ್ಮ ತಮ್ಮ ವಾದವನ್ನು ತಾವೇ ಕಲ್ಲಿನಡಿ ಹೂತರು ಎನ್ನಬೇಕು.

ಒಂದು ಕಾಕತಾಳೀಯ. ಅದಕ್ಕೆ ನೂರು ವರ್ಷ ಹಿಂದೆ ಇದೇ ಫೆಬ್ರವರಿಯಲ್ಲಿ, 1922ರ 4ನೇ ತಾರೀಖು, ಉತ್ತರ ಪ್ರದೇಶದ ಚೌರಿಚೌರಾದಲ್ಲಿ ಜನ ರೊಚ್ಚಿಗೆದ್ದು ಠಾಣೆಗೆ ಬೆಂಕಿ ಹಚ್ಚಿದರು. 22 ಮಂದಿ ಪೊಲೀಸರು ಸತ್ತರು. ಅದಕ್ಕೆ ಮುಂಚೆ ಅಲ್ಲಿ ಪೊಲೀಸರೇ ಗುಂಡು ಹಾರಿಸಿದ್ದರು ಎಂಬ ಸಮಾಧಾನ ಗಾಂಧೀಜಿಗೆ ಸಾಕಾಗಲಿಲ್ಲ. ದೇಶವಿಡೀ ಹಬ್ಬಿದ್ದ ಅಸಹಕಾರ ಚಳವಳಿಯನ್ನೇ ನಿಲ್ಲಿಸಿ ಐದು ದಿನ ಉಪವಾಸ ಕೂತರು. ಜೊತೆಯವರಿಗೆ ಸಿಟ್ಟು ಬಂತು. ಆದರೆ ಎಂಟು ವರ್ಷಗಳ ನಂತರ ಅವರು ಉಪ್ಪಿನ ಸತ್ಯಾಗ್ರಹಕ್ಕೆ ಹೊರಟಾಗ ಮಾಡಿದ ಏರ್ಪಾಡು ಬೇರೆ. ವೈಸರಾಯರಿಗೆ ಮೊದಲೇ ಕಾಗದ ಬರೆದರು. ಜೊತೆಗೆ ಆಶ್ರಮದಲ್ಲಿ ಪಳಗಿದ ಸುಮಾರು ಎಂಬತ್ತು ಜನರನ್ನಷ್ಟೇ ಕರೆದುಕೊಂಡರು. ಜನಸಾಗರ ಸೇರಿದ್ದು ಆಮೇಲೆ.

ಇನ್ನು ಹಳೆಯ ಚಳವಳಿಯ ಕಥೆ.

1984ರ ನವೆಂಬರ್ 14ರಂದು ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿ ಹುಟ್ಟಿತು. ಕರ್ನಾಟಕ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಮಾಡಿದ ಜಂಟಿ ಕಂಪನಿ ಅದು. ಕಾರ್ಖಾನೆಗೆ ಬೇಕಾದ ನೀಲಗಿರಿ ಮುಂತಾದ ಮರ ಬೆಳೆಸುವುದು ಅದರ ಕೆಲಸ. ಇದಕ್ಕಾಗಿ ಧಾರವಾಡ, ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ 30,000 ಹೆಕ್ಟೇರ್, ಅಂದರೆ ಸುಮಾರು 75,000 ಎಕರೆ ಸರ್ಕಾರಿ ಜಮೀನನ್ನು ಗೊತ್ತು ಮಾಡಲಾಯಿತು. ಗುತ್ತಿಗೆ 40 ವರ್ಷಕ್ಕೆ. ಬಾಡಿಗೆ ಎಕರೆಗೆ ವರ್ಷಕ್ಕೆ ಒಂದು ರೂಪಾಯಿ.

ಕಾಗದದ ಮೇಲೆ ಅದು ಸರ್ಕಾರದ ಪಾಳು ಜಮೀನು. ಊರಿನವರಿಗೆ ಅದು ದನ ಮೇಯಿಸುವ ಜಾಗ, ಸೌದೆ ಆಯುವ ಜಾಗ, ಸೊಪ್ಪು ಹುಲ್ಲು ತರುವ ಜಾಗ. ನೀಲಗಿರಿ ಎಲೆಯನ್ನು ದನ ಮೂಸಿಯೂ ನೋಡುವುದಿಲ್ಲ. ಗೋಮಾಳಕ್ಕೆ ಅಗಳು ತೋಡಿ ನೀಲಗಿರಿ ನೆಟ್ಟರೆ ನಾಲ್ಕು ದನ ಕಟ್ಟಿಕೊಂಡು ಬದುಕುವವನು ಎಲ್ಲಿಗೆ ಹೋಗಬೇಕು?

ಇದನ್ನು ಎತ್ತಿಕೊಂಡದ್ದು ಎಸ್.ಆರ್. ಹಿರೇಮಠ ಮತ್ತು ಸಂಗಡಿಗರ ಸಮಾಜ ಪರಿವರ್ತನ ಸಮುದಾಯ. ಅವರಿಗೆ ಈ ಕಾರ್ಖಾನೆ ಹೊಸದಲ್ಲ. ತುಂಗಭದ್ರೆಯ ನೀರು ಕೆಡುತ್ತಿದೆ, ಕೆಳಗಿನ ಊರುಗಳ ಬದುಕು ಕೆಡುತ್ತಿದೆ ಎಂದು 1984ರ ಅಕ್ಟೋಬರ್ 2ರಂದೇ ಕಾರ್ಖಾನೆಯ ಮುಂದೆ ದೊಡ್ಡ ಪ್ರದರ್ಶನ ನಡೆಸಿದ್ದರು. 1985ರ ಡಿಸೆಂಬರಿನಲ್ಲಿ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿಯ ಅರ್ಜಿ ಹಾಕಿದ್ದರು. ಜಮೀನಿನ ವಿಷಯದಲ್ಲಿ ಸುಪ್ರೀಂ ಕೋರ್ಟಿಗೇ ಹೋದರು, ಅರ್ಜಿದಾರರಲ್ಲಿ ಡಾ. ಶಿವರಾಮ ಕಾರಂತರೂ ಒಬ್ಬರು. ಕಾರಂತರಿಗೆ ಆಗ ಎಂಬತ್ತು ದಾಟಿತ್ತು.

ಕೋರ್ಟಿನ ಕೆಲಸ ಕೋರ್ಟಿಗೆ. ಊರಿನವರ ಕೆಲಸ 1987ರ ನವೆಂಬರ್ 14ರಂದು ಕುಸನೂರಿನಲ್ಲಿ ನಡೆಯಿತು. ಆಗಿನ ಧಾರವಾಡ, ಈಗಿನ ಹಾವೇರಿ ಜಿಲ್ಲೆಯ ಊರು ಅದು. ಕಂಪನಿ ಹುಟ್ಟಿ ಸರಿಯಾಗಿ ಮೂರು ವರ್ಷ ತುಂಬಿದ ದಿನವನ್ನೇ ಆರಿಸಿಕೊಂಡಿದ್ದರು. ಸುತ್ತಲಿನ ಹಳ್ಳಿಗಳಿಂದ ಸುಮಾರು ಎರಡು ಸಾವಿರ ಜನ ಬಂದರು. ಗಂಡಸರು, ಹೆಂಗಸರು, ಮಕ್ಕಳು. ಊರ ನಡುವೆ ನಿಂತು ಅಹಿಂಸೆಯ ಪ್ರತಿಜ್ಞೆ ಮಾಡಿದರು. ವಾದ್ಯದವರು ಮುಂದೆ, ಬ್ಯಾನರು ಹಿಡಿದು ಘೋಷಣೆ ಕೂಗುವವರು ಹಿಂದೆ, ಕಂಪನಿ ಬೇಲಿ ಹಾಕಿಕೊಂಡಿದ್ದ ಹುಲ್ಲುಗಾವಲಿಗೆ ನಡೆದರು. ಅಲ್ಲಿ ಸುಮಾರು ನೂರು ನೀಲಗಿರಿ ಸಸಿ ಕಿತ್ತರು. ಅದೇ ಜಾಗದಲ್ಲಿ ಹಣ್ಣಿಗೆ, ಮೇವಿಗೆ ಆಗುವ ನಮ್ಮ ನೆಲದ ಗಿಡಗಳನ್ನು ನೆಟ್ಟರು. ನೆಟ್ಟ ಗಿಡಕ್ಕೆ ನೀರು ಹಾಕಿ ಸಾಕುತ್ತೇವೆಂದು ಇನ್ನೊಂದು ಪ್ರತಿಜ್ಞೆ ಮಾಡಿ ಮನೆಗೆ ಹೋದರು. ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ ಎಂದು ಅದಕ್ಕೆ ಹೆಸರಾಯಿತು.

ಈ ಲೆಕ್ಕವನ್ನು ಇನ್ನೊಮ್ಮೆ ನೋಡಿ. ಎರಡು ಸಾವಿರ ಜನ, ನೂರು ಸಸಿ. ನಾಲ್ಕು ಸಾವಿರ ಕೈಗಳು ಸಿಟ್ಟಿನಲ್ಲಿ ಆ ತೋಪಿಗೆ ನುಗ್ಗಿದ್ದರೆ ಸಂಜೆಯೊಳಗೆ ಅಲ್ಲಿ ಒಂದು ಕಡ್ಡಿಯೂ ಉಳಿಯುತ್ತಿರಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಎಂದು ಕಿತ್ತರೂ ಎರಡು ಸಾವಿರ ಹೋಗುತ್ತಿತ್ತು. ಇಪ್ಪತ್ತು ಜನಕ್ಕೆ ಒಂದು ಸಸಿ. ಉಳಿದ ಹತ್ತೊಂಬತ್ತು ಜನ ಕೈ ಕಟ್ಟಿ ನೋಡಿದರು. ಮೈಯಲ್ಲಿ ಶಕ್ತಿ ಇದ್ದು, ಎದುರಿಗೆ ಸಿಟ್ಟಿನ ಕಾರಣವೂ ಇದ್ದು, ಕೈ ಕಟ್ಟಿ ನಿಲ್ಲುವುದು ಕಿತ್ತವನ ಕೆಲಸಕ್ಕಿಂತ ಕಷ್ಟದ್ದು. ಶಿಸ್ತು ಎಂದರೆ ಅದು. ಕಿತ್ತದ್ದು ಕಾನೂನಿನ ಲೆಕ್ಕದಲ್ಲಿ ತಪ್ಪೇ. ಆದರೆ ಕದ್ದು ಮಾಡಿದ್ದಲ್ಲ. ದಿನ, ಊರು ಎಲ್ಲ ಹೇಳಿಯೇ ಮಾಡಿದ್ದು. ಕಿತ್ತ ಕಡೆ ನೆಟ್ಟದ್ದರಿಂದ ‘ಹಾಳು ಮಾಡುವವರು’ ಎಂಬ ಮಾತಿಗೂ ಜಾಗ ಉಳಿಯಲಿಲ್ಲ.

ಮುಂದೆ 1988ರಲ್ಲಿ ಎರಡನೇ ಸುತ್ತಿನ ಸತ್ಯಾಗ್ರಹಕ್ಕೆ ತಯಾರಿ ಶುರುವಾಯಿತು. ಈ ಸಲ ಸರ್ಕಾರ ನೋಡಿಕೊಂಡು ಸುಮ್ಮನಿರದು ಎಂದು ಊಹಿಸುವುದು ಕಷ್ಟವಿರಲಿಲ್ಲ. ಅದಕ್ಕಾಗಿ ಹಿರೇಕೆರೂರು ತಾಲೂಕಿನ ಹಳ್ಳಿಗಳಲ್ಲಿ ಅಹಿಂಸೆಯ ತರಬೇತಿ ಶಿಬಿರಗಳು ನಡೆದವು. ತಲೆತಲಾಂತರದಿಂದ ಮಣ್ಣಿನ ಜೊತೆ ಸಹನೆಯಿಂದ ಬದುಕಿದ ರೈತರಿಗೂ ಶಿಬಿರ ಬೇಕಾಯಿತು! ತಾಳ್ಮೆ ಸ್ವಭಾವದಿಂದ ಬರುತ್ತದೆ, ಸಮಯಕ್ಕೆ ಒದಗುತ್ತದೆ ಎಂದು ಚಳವಳಿಯ ಹಿರಿಯರು ನಂಬಲಿಲ್ಲ. ಕಾಲೇಜಿನ ಹುಡುಗರು ಮಾತ್ರ ಹಿಂದಿನ ರಾತ್ರಿ ಬ್ಯಾನರು ಬರೆದರೆ ತಯಾರಿ ಮುಗಿಯಿತೆಂದುಕೊಳ್ಳುತ್ತಾರೆ.

ಕೋರ್ಟಿನ ತಡೆ, ಪತ್ರಿಕೆಗಳ ಬರಹ, ಶಾಸಕರ ಒತ್ತಾಯ, ಹಳ್ಳಿಗಳ ವಿರೋಧ ಎಲ್ಲ ಕೂಡಿ 1991ರಲ್ಲಿ ಆ ಜಂಟಿ ಕಂಪನಿ ಮುಚ್ಚಿತು. ಏಳು ವರ್ಷ ಹಿಡಿಯಿತು. ಈ ಏಳು ವರ್ಷಗಳಲ್ಲಿ ‘ಇವರು ಗಲಭೆಕೋರರು’ ಎಂದು ತಳ್ಳಿಹಾಕಲು ಒಂದು ನೆಪ ಸಿಕ್ಕಿದ್ದರೂ ಕಾರಂತರಂಥವರ ಹೆಸರು, ಶಾಸಕರ ಸಹಿ, ಪತ್ರಿಕೆಯ ಬೆಂಬಲ ಎಷ್ಟು ದಿನ ಉಳಿಯುತ್ತಿತ್ತೋ ಹೇಳಲಾಗದು.

ಈ ಭಾಗಕ್ಕೆ ಇಂಥ ತಯಾರಿಯ ನೆನಪು ಇನ್ನೂ ಹಳೆಯದು. ‘ಕರ್ನಾಟಕದ ಗಾಂಧಿ’ ಎಂದು ಜನ ಕರೆದ ಹರ್ಡೇಕರ ಮಂಜಪ್ಪನವರು 1906ರಲ್ಲಿ ದಾವಣಗೆರೆಯಲ್ಲಿ ‘ಧನುರ್ಧಾರಿ’ ಪತ್ರಿಕೆ ಶುರುಮಾಡಿದವರು. 1920ರ ದಶಕದಲ್ಲಿ ಅವರು ಸತ್ಯಾಗ್ರಹಾಶ್ರಮ ಕಟ್ಟಿದ್ದು ಇದೇ ಹರಿಹರದಲ್ಲಿ. ಸತ್ಯಾಗ್ರಹಕ್ಕೆ ಮುಂಚೆ ಆಶ್ರಮ ಬೇಕು ಎಂಬುದು ಆ ಕಾಲದವರ ತಿಳಿವಳಿಕೆ.

ಆಶ್ರಮವಿಲ್ಲದ ಊರಿನಲ್ಲಿ, ಕಾಲೇಜು ವಿದ್ಯಾರ್ಥಿಗಳೇ ಈ ತಾಲೀಮನ್ನು ಹೇಗೆ ಮಾಡಬಹುದು ಎಂಬುದಕ್ಕೆ ಅಮೆರಿಕದ ನ್ಯಾಶ್‌ವಿಲ್ ನಗರದ ಉದಾಹರಣೆ ಇದೆ. ಅಲ್ಲಿಯ ಗುರುವಿಗೂ ಭಾರತದ ನಂಟು. ಜೇಮ್ಸ್ ಲಾಸನ್ ಎಂಬ ಕರಿಯ ಯುವಕ 1950ರ ದಶಕದಲ್ಲಿ ಮೂರು ವರ್ಷ ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿದ್ದು, ಗಾಂಧಿ ವಿಚಾರಗಳನ್ನು ಅಭ್ಯಾಸ ಮಾಡಿ ಹಿಂತಿರುಗಿದವರು. ಹೋಟೆಲು ಕೌಂಟರುಗಳಲ್ಲಿ ಕರಿಯರಿಗೆ ಕೂರಲು ಬಿಡದ ಕಾಲ. ಲಾಸನ್ 1959ರಲ್ಲಿ ಅಲ್ಲಿನ ವಿದ್ಯಾರ್ಥಿಗಳಿಗೆ ತರಗತಿ ನಡೆಸಿದರು. ತರಗತಿಯೆಂದರೆ ಭಾಷಣವಲ್ಲ, ನಾಟಕ. ಅರ್ಧ ಜನ ಕುರ್ಚಿಯಲ್ಲಿ ಕೂರುವುದು. ಇನ್ನರ್ಧ ಜನ ಬಂದು ಬೈಯುವುದು, ತಳ್ಳುವುದು, ಕುರ್ಚಿಯಿಂದ ಎಳೆದು ಬೀಳಿಸುವುದು. ಬಿದ್ದಾಗ ತಲೆ, ಹೊಟ್ಟೆ ಹೇಗೆ ಕಾಪಾಡಿಕೊಳ್ಳಬೇಕು, ಪಕ್ಕದವನಿಗೆ ಪೆಟ್ಟು ಬೀಳುವಾಗ ಹೇಗೆ ಅಡ್ಡ ಹೋಗಬೇಕು, ಬೈದವನ ಕಣ್ಣನ್ನೇ ನೋಡುತ್ತ ಸುಮ್ಮನೆ ಹೇಗೆ ಇರಬೇಕು, ಎಲ್ಲ ಅಭ್ಯಾಸ. ತಡೆಯಲಾರದವರಿಗೆ ಬೇರೆ ಕೆಲಸ.

1960ರ ಫೆಬ್ರವರಿಯಲ್ಲಿ ಅವರು ಹೊರಟಾಗ ಹುಡುಗರು ಕೋಟು ಟೈ ಹಾಕಿದ್ದರು, ಕೈಯಲ್ಲಿ ಪಠ್ಯಪುಸ್ತಕಗಳಿದ್ದವು. ಫೆಬ್ರವರಿ 27ರಂದು ಪುಂಡರು ಬಂದು ಹೊಡೆದರು. ಪೊಲೀಸರು ಹೊಡೆದವರನ್ನು ಬಿಟ್ಟು ಹೊಡೆಸಿಕೊಂಡವರನ್ನು ಹಿಡಿದರು. ಎಂಬತ್ತೊಂದು ವಿದ್ಯಾರ್ಥಿಗಳ ದಸ್ತಗಿರಿಯಾಯಿತು. ಒಂದು ತಂಡ ವ್ಯಾನು ಹತ್ತುತ್ತಿದ್ದಂತೆ ಇನ್ನೊಂದು ತಂಡ ಬಂದು ಅದೇ ಕುರ್ಚಿಗಳಲ್ಲಿ ಕೂತಿತು. ಮೇ 10ರಂದು ನ್ಯಾಶ್‌ವಿಲ್‌ನ ಆ ಕೌಂಟರುಗಳು ಎಲ್ಲರಿಗೂ ತೆರೆದವು.

ಎರಡನೇ ತಂಡ ತಯಾರಿಟ್ಟುಕೊಳ್ಳುವ ಈ ಉಪಾಯ ನಮ್ಮವರಿಗೂ ಗೊತ್ತಿದ್ದದ್ದೇ. 1938ರ ಏಪ್ರಿಲ್ 11ರಂದು ಮದ್ದೂರಿನ ಬಳಿಯ ಶಿವಪುರದಲ್ಲಿ ನಿಷೇಧವಿದ್ದರೂ ಟಿ. ಸಿದ್ಧಲಿಂಗಯ್ಯನವರು ರಾಷ್ಟ್ರಧ್ವಜ ಏರಿಸಲು ಹೋಗಿ ಬಂಧನಕ್ಕೊಳಗಾದರು. ಅವರ ಹಿಂದೆ ಬೇರೆ ಮುಂದಾಳುಗಳು ಸಾಲಾಗಿ ಬಂದರು. ಸಾವಿರಾರು ಜನ ಸೇರಿದ್ದರೂ ಗಲಭೆಯಾಗಲಿಲ್ಲ. ಅದಾದ ಎರಡೇ ವಾರಕ್ಕೆ, ಏಪ್ರಿಲ್ 25ರಂದು, ವಿದುರಾಶ್ವತ್ಥದಲ್ಲಿ ಗೋಲಿಬಾರ್ ನಡೆದು ಹಲವರು ಪ್ರಾಣ ಬಿಟ್ಟರು. 1942ರಲ್ಲಿ ದಾವಣಗೆರೆಯಲ್ಲೂ ಗುಂಡು ಹಾರಿತು, ಹೆಣಗಳು ಬಿದ್ದವು. ಶಾಂತವಾಗಿದ್ದರೆ ಏನೂ ಆಗುವುದಿಲ್ಲ ಎಂದು ಮಕ್ಕಳಿಗೆ ಹೇಳಿ ಕಳಿಸುವುದು ಸುಳ್ಳು ಹೇಳಿದಂತೆ. ಕೂತವರ ಮೇಲೂ ಲಾಠಿ ಬಿದ್ದದ್ದುಂಟು. ಆದರೆ ಆಗ ಊರು ಯಾರ ಕಡೆ ನಿಲ್ಲುತ್ತದೆ, ಕೋರ್ಟು ಯಾರನ್ನು ಪ್ರಶ್ನಿಸುತ್ತದೆ ಎಂಬುದು ಬೇರೆಯಾಗುತ್ತದೆ, ಅಷ್ಟೆ.

ತಂದೆತಾಯಿಗಳ ನಿಜವಾದ ಹೆದರಿಕೆ ಲಾಠಿಯದಲ್ಲ, ಕೇಸಿನದು. ‘ನಾಳೆ ಗವರ್ಮೆಂಟ್ ಕೆಲಸಕ್ಕೆ ಪೊಲೀಸ್ ವೆರಿಫಿಕೇಶನ್ ಬಂದರೆ?’ ಎಂಬುದು ಉತ್ಪ್ರೇಕ್ಷೆಯ ಭಯವೇನಲ್ಲ. ಆದ್ದರಿಂದ ಕಾನೂನನ್ನು ಸ್ವಲ್ಪ ತಿಳಿದಿರಬೇಕು. ಹಿಂದೆ 144ನೇ ಸೆಕ್ಷನ್ ಎನ್ನುತ್ತಿದ್ದ ನಿಷೇಧಾಜ್ಞೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 163ನೇ ಸೆಕ್ಷನ್ ಆಗಿದೆ. ಐದು ಅಥವಾ ಅದಕ್ಕಿಂತ ಹೆಚ್ಚು ಜನ ಕಾನೂನಿಗೆ ವಿರುದ್ಧವಾದ ಉದ್ದೇಶದಿಂದ ಸೇರಿದರೆ ಅದು ಅಕ್ರಮ ಕೂಟ. ಎಲ್ಲಕ್ಕಿಂತ ಮುಖ್ಯವಾದದ್ದು ಭಾರತೀಯ ನ್ಯಾಯ ಸಂಹಿತೆಯ 190ನೇ ಸೆಕ್ಷನ್, ಹಳೆಯ ಐಪಿಸಿಯ 149. ಅಕ್ರಮ ಕೂಟದ ಸಮಾನ ಉದ್ದೇಶಕ್ಕಾಗಿ ಒಬ್ಬ ಮಾಡಿದ ಅಪರಾಧಕ್ಕೆ ಕೂಟದಲ್ಲಿದ್ದ ಪ್ರತಿಯೊಬ್ಬನೂ ಹೊಣೆ ಎನ್ನುತ್ತದೆ ಅದು. ಹಿಂದಿನ ಸಾಲಿನಲ್ಲಿ ಯಾರೋ ಎಸೆದ ಕಲ್ಲು ಮುಂದಿನ ಸಾಲಿನಲ್ಲಿ ಮನವಿ ಪತ್ರ ಹಿಡಿದು ನಿಂತ ಹುಡುಗಿಯ ಹೆಸರಿಗೂ ಬರಬಹುದು. ಕರ್ತವ್ಯದ ಮೇಲಿರುವ ಪೊಲೀಸರ ಮೈಮೇಲೆ ಕೈ ಮಾಡಿದರೆ ಅದು ಜಾಮೀನನ್ನು ಹಕ್ಕಾಗಿ ಕೇಳಲಾಗದ ಅಪರಾಧ. ಕಾಲರ್ ಹಿಡಿಯುವ ಒಂದು ಗಳಿಗೆಯ ಸಿಟ್ಟಿಗೆ ಎಷ್ಟೋ ತಿಂಗಳ ಅಲೆದಾಟ.

ಪೊಲೀಸರಿಗೂ ಕಟ್ಟುಗಳಿವೆ. ಹಿಡಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಹಿಡಿದ ಕಾರಣ ಹೇಳಬೇಕು, ಮನೆಯವರಿಗೆ ತಿಳಿಸಬೇಕು. ವಿಶೇಷ ಸಂದರ್ಭ ಬಿಟ್ಟರೆ ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುಂಚೆ ಹೆಂಗಸರನ್ನು ಬಂಧಿಸುವಂತಿಲ್ಲ. ಹದಿನೆಂಟು ತುಂಬದವರನ್ನು ಲಾಕಪ್ಪಿಗೆ ಹಾಕುವಂತಿಲ್ಲ, ಪಿ.ಯು.ಸಿ. ಓದುವ ಬಹಳಷ್ಟು ಮಕ್ಕಳು ಈ ವಯಸ್ಸಿನವರೇ. ಅನ್ಯಾಯವಾದರೆ ಪೊಲೀಸರ ಎದೆಯ ಮೇಲಿನ ಹೆಸರು ಓದಿಟ್ಟುಕೊಂಡು ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಡಬಹುದು. ರಸ್ತೆಯಲ್ಲಿ ನಿಂತು ಕಾನೂನು ಪಾಠ ಹೇಳುವುದರಿಂದ ಮಾತ್ರ ಪ್ರಯೋಜನವಿಲ್ಲ.

ಜಯದೇವ ವೃತ್ತದಿಂದ ಒಂದು ಮೆರವಣಿಗೆ ಹೊರಟಿದೆ ಅಂದುಕೊಳ್ಳಿ. ಫೀಜಿನ ವಿಷಯವೋ, ಹಾಸ್ಟೆಲಿನ ಊಟದ್ದೋ, ಬಸ್ ಪಾಸಿನದೋ. ಬಂದೋಬಸ್ತಿಗೆ ನಿಂತ ಪೇದೆ ಬೆಳಗಿನಿಂದ ಬಿಸಿಲಿನಲ್ಲಿದ್ದಾನೆ; ಅವನ ಮಗಳೂ ಯಾವುದೋ ಕಾಲೇಜಿನಲ್ಲಿ ಇದೇ ಫೀಜು ಕಟ್ಟುತ್ತಿದ್ದಾಳು. ಅವನನ್ನು ಬೈಯುವ ಘೋಷಣೆ ಒಂದು ಬಂತೆಂದರೆ ಹಾಸ್ಟೆಲಿನ ಊಟ ಮರೆತುಹೋಗುತ್ತದೆ. ಪಿಎಸ್‌ಐ ಬಂದು ‘ಏಯ್, ಯಾರೋ ಲೀಡರು?’ ಎಂದು ಏಕವಚನದಲ್ಲಿ ಕೇಳಿದರೆ ‘ನಾನು ಸಾರ್, ಹೇಳಿ’ ಎಂದು ಒಬ್ಬಳೇ ಮುಂದೆ ಬರಬೇಕು. ಹತ್ತು ಬಾಯಿ ಒಟ್ಟಿಗೆ ಉತ್ತರ ಕೊಟ್ಟರೆ ಕೆಲಸ ಕೆಟ್ಟಿತು. ಯಾವ ದಾರಿ, ಎಷ್ಟು ಹೊತ್ತು, ಎಷ್ಟು ಜನ ಎಂದು ಠಾಣೆಗೆ ಮೊದಲೇ ಬರೆದುಕೊಟ್ಟಿದ್ದರೆ ಈ ಮಾತು ಅರ್ಧ ಸಲೀಸಾಗುತ್ತದೆ.

ಎಲ್ಲಿಂದಲೋ ಒಂದು ಕಲ್ಲು ಬಂತು. ಆಗ ಓಡಿದರೆ ನೂಕುನುಗ್ಗಲು, ನಿಂತರೆ ಅನುಮಾನ. ಇಂಥ ಕಡೆ ಹಳೆಯ ಚಳವಳಿಗಾರರು ಮಾಡುವುದು ಒಂದೇ: ಕೂತುಬಿಡುವುದು. ಎಲ್ಲರೂ ಕೂತರೆ ಎಸೆದವನು ಒಬ್ಬನೇ ನಿಂತಿರುತ್ತಾನೆ. ಕೂತ ಗುಂಪು ಯಾರ ಮೇಲೂ ನುಗ್ಗಲಾರದೆಂದು ಪೊಲೀಸರಿಗೂ ಕಾಣುತ್ತದೆ. ಆದರೆ ಮುನ್ನೂರು ಜನ ಒಂದೇ ಕೂಗಿಗೆ ಕೂರಬೇಕಾದರೆ ಹಿಂದಿನ ದಿನ ಕಾಲೇಜು ಮೈದಾನದಲ್ಲಿ ನಾಲ್ಕು ಸಲ ಕೂತು ಎದ್ದಿರಬೇಕು. ಹತ್ತು ಹತ್ತು ಜನಕ್ಕೆ ಒಬ್ಬ ಹೊಣೆಗಾರನಿದ್ದು, ಹತ್ತೂ ಜನರ ಹೆಸರು ಅವನಿಗೆ ಗೊತ್ತಿರಬೇಕು. ಹೆಸರು ಗೊತ್ತಿಲ್ಲದವನು ಸಾಲಿನಲ್ಲಿದ್ದರೆ ಕೇಳಬೇಕು, ನಾಚಿಕೊಳ್ಳಬಾರದು.

ಹಾಗಾಗಿ ಅಪ್ಪ ಅಮ್ಮ ಕೇಳಬೇಕಾದದ್ದು ‘ಹೋಗ್ತೀಯಾ?’ ಎಂದಲ್ಲ. ‘ನಿನ್ನ ಹತ್ತು ಜನ ಯಾರು? ತಾಲೀಮು ಮಾಡಿದ್ದೀರಾ? ಕೇಳೋದು ಏನು, ಯಾರ ಹತ್ತಿರ? ಮುಗಿಯೋದು ಯಾವಾಗ?’ ಎಂದು. ಉತ್ತರ ತಡವರಿಸಿದರೆ ಆ ದಿನದ ಮಟ್ಟಿಗೆ ಮನೆಯಲ್ಲೇ ಕೂರಿಸಿಕೊಂಡರೆ ತಪ್ಪಿಲ್ಲ. ಉತ್ತರ ಸರಿಯಿದ್ದರೆ ಜೊತೆಗೆ ತಾವೂ ಹೋಗಬಹುದು. ಕುಸನೂರಿನಲ್ಲಿ ಮಕ್ಕಳು ಬಂದದ್ದು ದೊಡ್ಡವರ ಜೊತೆಯಲ್ಲಿ. ನಾಲ್ಕು ನರೆಗೂದಲು ಕಂಡ ಮೆರವಣಿಗೆಯ ಜೊತೆ ಪೊಲೀಸರ ಮಾತಿನ ಧಾಟಿಯೂ ತುಸು ಬೇರೆಯಿರುತ್ತದೆ.

ಮುಗಿಯುವ ಹೊತ್ತು ಎಲ್ಲಕ್ಕಿಂತ ಅಪಾಯದ್ದು. ಭಾಷಣ ಮುಗಿದು, ಮುಂದಾಳುಗಳು ಬೈಕು ಹತ್ತಿ ಹೋಗಿ, ಮಿಕ್ಕ ಹುಡುಗರು ಏನು ಮಾಡುವುದೆಂದು ತಿಳಿಯದೆ ರಸ್ತೆಯಲ್ಲಿ ನಿಂತಾಗಲೇ ಅಂಗಡಿಯ ಗಾಜು ಒಡೆಯುವುದು. ಕುಸನೂರಿನವರು ಹೋಗುವ ಮುಂಚೆ ಗಿಡಕ್ಕೆ ನೀರು ಹಾಕುವ ಮಾತು ಕೊಟ್ಟರು. ನಾಳೆ ಮಾಡಲು ಒಂದು ಕೆಲಸವಿಟ್ಟುಕೊಂಡು ಮನೆಗೆ ಹೋದರು. ಮನವಿ ಪತ್ರ ಕೊಟ್ಟು ಸ್ವೀಕೃತಿಯ ಸಹಿ ಹಾಕಿಸಿಕೊಂಡು, ಅದನ್ನು ಎಲ್ಲರಿಗೂ ಕೇಳುವಂತೆ ಓದಿ, ಮುಂದಿನ ಸಭೆಯ ದಿನ ಹೇಳಿ, ಹತ್ತು ಹತ್ತು ಜನರ ತಂಡವಾಗಿ ಬಸ್ ನಿಲ್ದಾಣದ ಕಡೆ ಕಳಿಸಬೇಕು. ಹರಿಹರದ ಬಸ್ಸಿಗೆ ಹೋಗುವವರು ಮೊದಲು, ದಾವಣಗೆರೆಯವರು ಆಮೇಲೆ. ಬಿದ್ದ ಕಾಗದ, ನೀರಿನ ಪಾಕೀಟು ಆಯ್ದುಕೊಂಡು ಕೊನೆಗೆ ಜಾಗ ಬಿಡಬೇಕಾದವರು ಮುಂದಾಳುಗಳು.